ಅವರೆ ಹೋಗಿ ಹುಲ್ಲು ಬಂತು

ಹುಲ್ಲಿನ ಮೇಲೆ ಸಿಟ್ಟು ಮಾಡಿಕೊಂಡವರನ್ನು ನೀವು ಕಂಡಿರಲಾರಿರಿ. ಹಾಗಿದ್ದರೆ ನನ್ನನ್ನು ನೋಡಿ. ಬಿ.ಎಸ್ಸಿ., ಬಿ.ಎಡ್. ಮಾಡಿ ಬ್ಯಾಡಗಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು, ದಿನಾ ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಓಣಿಯಿಂದ ಬಸ್ಸಿಗೆ ಹೊರಟಾಗ, ಓಣಿಯ ತುದಿಯ ಚರ್ಚಿನ ಕಾಂಪೌಂಡಿನೊಳಗೆ ಇಣುಕಿ ಹಲ್ಲು ಕಡಿಯುತ್ತೇನೆ. ಅಲ್ಲಿರುವುದು ಎಮ್ಮೆ ಮೇಯುವ ಹುಲ್ಲಲ್ಲ. ಆಗಿದ್ದರೆ ನಾನು ಅದಕ್ಕೆ ಮರ್ಯಾದೆ ಕೊಡುತ್ತಿದ್ದೆ. ಇದು ಚಾಪೆಯ ಹಾಗೆ ಸುರುಳಿ ಸುತ್ತಿಸಿಕೊಂಡು ಲಾರಿಯಲ್ಲಿ ಬಂದ ಹುಲ್ಲು. ನಮ್ಮ ನಲ್ಲಿಗೆ ನೀರು ಬರುವುದು ಯಾವಾಗಲೋ. ಈ ಹುಲ್ಲಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಜಳಕ. ಹೂ ಬಿಡುವುದಿಲ್ಲ, ಕಾಯಿ ಕೊಡುವುದಿಲ್ಲ, ಮೇಲೆ ಕೂಡ್ರಗೊಡುವುದೂ ಇಲ್ಲ. ‘ಹುಲ್ಲಿನ ಮೇಲೆ ಕಾಲಿಡಬೇಡಿ’ ಎಂಬ ಹಲಗೆ ಬೇರೆ. ಏನೂ ಮಾಡದೆ ಇಷ್ಟು ಗೌರವ ಪಡೆಯುವವರನ್ನು ನಾನು ಮದುವೆ ಮನೆಗಳಲ್ಲಿ, ಅದೂ ಗಂಡಿನ ಕಡೆಯವರಲ್ಲಿ ಮಾತ್ರ ಕಂಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಚರ್ಚಿನ ಮನೆತನವಲ್ಲ. ನಮ್ಮವ್ವ ಹನುಮವ್ವ ಕುಪ್ಪೇಲೂರಿನ ಕಡೆಯವಳು, ದೇವರಗುಡ್ಡದ ಮೈಲಾರಲಿಂಗನಿಗೆ ನಡೆದುಕೊಳ್ಳುವವಳು. ಆದರೂ ಬಹಳ ವರ್ಷ ಆಕೆಯ ಹೆಸರಿನಲ್ಲಿ ಈ ಭೂಮಿಯ ಮೇಲೆ ಏನಾದರೂ ಇತ್ತೆಂದರೆ ಅದು ಆ ಚರ್ಚಿನ ಹಿಂದಿನ ಒಂದು ಮಡಿ. ಎರಡು ಮಂಚ ಹಾಕಿದರೆ ಮುಗಿಯುವಷ್ಟು ನೆಲ. ನಾನು ಚಿಕ್ಕವಳಿದ್ದಾಗ ಅಲ್ಲಿದ್ದ ಪಾದ್ರಿಯೊಬ್ಬರು—ಓಣಿಗೆಲ್ಲ ಅವರು ಪಾದ್ರಿ ಅಜ್ಜ—ಚರ್ಚಿನ ಹಿಂದೆ ಜಾಲಿ ಬೆಳೆದು ಹಾವು ಆಡುತ್ತಿದ್ದ ಜಾಗವನ್ನು ಕಡಿಸಿ, ಮಡಿಗಳಾಗಿ ಹಂಚಿದರು. ಹಂಚುವಾಗ ಯಾರ ದೇವರು ಯಾರು ಎಂದು ಕೇಳಲಿಲ್ಲ. “ಗುದ್ದಲಿ ಹಿಡಿಯಾಕ ಬರತೈತಿಲ್ಲೋ?” ಎಂದಷ್ಟೇ ಕೇಳಿದರಂತೆ. ನಮ್ಮವ್ವ, “ಅದೊಂದ ಬರೂದ್ರಿ ನನಗ” ಎಂದಳಂತೆ.

ಅದೊಂದೇ ಎಂದದ್ದು ಸುಳ್ಳು. ಅವ್ವ ಬೀಜದ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಸೀಮೆಯ ಬಹಳ ಹೆಣ್ಣುಮಕ್ಕಳ ಕೂಲಿ ಅದೇ. ಸಂಜೆ ಹೆಣ್ಣು ಹೂವಿನ ಮೊಗ್ಗಿಗೆ, ಬೇರೆ ಹೂವಿನ ಪರಾಗ ತಾಕದಂತೆ, ಕಾಗದದ ಟೋಪಿ ಹಾಕಿ ಬರುವುದು, ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಮುಟ್ಟಿಸುವುದು. ಹಾಗೆ ಹುಟ್ಟಿದ್ದೇ ಹೈಬ್ರಿಡ್ ಬೀಜ. ಸೌತೆ, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲಕ್ಕೂ ಅವ್ವ ಹೀಗೆ ಮದುವೆ ಮಾಡಿಸಿದ್ದಾಳೆ. ಒಂದು ಮದುವೆಯ ಊಟಕ್ಕೂ ಅವಳನ್ನು ಕರೆದವರಿಲ್ಲ. ಬೀಜವೆಲ್ಲ ಚೀಲ ತುಂಬಿ ಹೋಗುತ್ತಿತ್ತು. ಮನೆಗೆ ಒಂದು ಕಾಳು ತರುವಂತಿರಲಿಲ್ಲ.

ಅದಕ್ಕೇ ಇರಬೇಕು, ಚರ್ಚಿನ ತೋಟದ ಪದ್ಧತಿ ಆಕೆಗೆ ಅಷ್ಟು ಹಿಡಿಸಿದ್ದು. ಸಂಕ್ರಾಂತಿ ದಾಟಿದ ಮೇಲೆ ಅಲ್ಲೊಂದು ಸುಗ್ಗಿ ಭಾನುವಾರ ಬರುತ್ತದೆ. ಅವತ್ತು ಮಡಿ ಇದ್ದವರೆಲ್ಲ ಕಾಯಿಪಲ್ಲೆಯ ಜೊತೆಗೆ ತಮ್ಮ ಬೀಜವನ್ನು ಅರಿವೆಯಲ್ಲಿ ಗಂಟು ಕಟ್ಟಿ ತಂದು, ಪಾದ್ರಿ ಅಜ್ಜನ ಮುಂದಿನ ಮೇಜಿನ ಮೇಲೆ ಇಡಬೇಕು. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದು ಗಂಟು ಎತ್ತಿಕೊಂಡು ಹೋಗಬೇಕು; ತಮ್ಮದನ್ನಲ್ಲ, ಮತ್ತೊಬ್ಬರದನ್ನು. ಮನೆಯಲ್ಲಿ ಒಂದಿಷ್ಟು ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡುವಂತಿಲ್ಲ. ಕೊಟ್ಟರೆ ಪೂರಾ ಕೊಡಬೇಕು. ಮುಂದಿನ ವರ್ಷ ನಿಮ್ಮ ಊಟ ಪಕ್ಕದವನ ಬೀಜದ ಮೇಲೆ, ಪಕ್ಕದವನ ಊಟ ನಿಮ್ಮ ಬೀಜದ ಮೇಲೆ. ಜಗಳವಾಡಿದರೂ ಹದವಾಗಿ ಆಡಬೇಕು.

ಬೆಳೆಗೆ ಕೊಟ್ಟವರ ಹೆಸರೇ ನಿಲ್ಲುತ್ತಿತ್ತು. ಹಾಗಾಗಿ ನಮ್ಮವ್ವನ ಬದನೆ ಟೇಲರ್ ಕರೀಂ ಚಾಚಾನ ಮಡಿಯಲ್ಲಿ, ಕರೀಂ ಚಾಚಾನ ಹೀರೆ ರೂತವ್ವನ ಮಡಿಯಲ್ಲಿ, ರೂತವ್ವನ ಅವರೆ ನಮ್ಮ ಮಡಿಯಲ್ಲಿ. ಈ ಅವರೆಯ ಬಗ್ಗೆ ಹೇಳಲೇಬೇಕು. ಚಪ್ಪರದ ಅವರೆ, ಕಾಯಿಯ ಅಂಚಿಗೆ ಇಳಕಲ್ ಸೀರೆಯಂಥ ನೇರಳೆ ದಡಿ. ಕುದಿಸುವಾಗ ಮೂರು ಮನೆಯಾಚೆ ವಾಸನೆ. ರೂತವ್ವ ಅದನ್ನು ತನ್ನ ತವರಿನಿಂದ, ಗುತ್ತಲದ ಕಡೆಯಿಂದ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದದ್ದು. ಚರ್ಚಿನ ಕಸ ಗುಡಿಸುತ್ತಿದ್ದ ಆಕೆಗೆ ತವರಿನಿಂದ ಬಂದ ಆಸ್ತಿ ಅದೊಂದೇ.

ನಮ್ಮ ಸೋದರತ್ತೆ ಒಮ್ಮೆ ಮೂಗು ಮುರಿದಿದ್ದಳು. “ಚರ್ಚಿನ ಕಾಯಿಪಲ್ಲೆ ತಿಂತೀರಲ್ಲ, ಮೈಲಾರಲಿಂಗ ಸುಮ್ನಿರತಾನನು?”

“ನೀ ಊರಿಗೆಲ್ಲಾ ತೋರಿಸಿಕೋತ ತಿಂತೀಯಲ್ಲ ಮೆಣಸಿನಕಾಯಿ, ಅದು ಎಲ್ಲಿಂದ ಬಂದೈತಿ ನನ್ನ ಮಗಳನ್ನ ಕೇಳು,” ಎಂದಳು ಅವ್ವ. ನಾನು ಆಗಷ್ಟೇ ಪಿಯುಸಿ ಸೇರಿದ್ದೆ. ಕೇಳುವುದನ್ನೇ ಕಾಯುತ್ತಿದ್ದೆ. ಮೆಣಸಿನಕಾಯಿ ಪರದೇಶದ್ದೆಂದೂ, ಪರಂಗಿಯವರ ಹಡಗಿನಲ್ಲಿ ಬಂದದ್ದೆಂದೂ, ಆ ಹಡಗಿನಲ್ಲಿ ಪಾದ್ರಿಗಳೂ ಇದ್ದರೆಂದೂ ಒದರಿದೆ. ಅತ್ತೆ ಅವತ್ತು ನಮ್ಮಲ್ಲಿ ಸಪ್ಪನ್ನ ಉಂಡು ಹೋದಳೆಂದು ಅವ್ವ ಇವತ್ತಿಗೂ ಹೇಳುತ್ತಾಳೆ. ನನಗೆ ನಂಬಿಕೆಯಿಲ್ಲ. ನಮ್ಮ ಕಡೆಯವರು ದೇವರನ್ನಾದರೂ ಬಿಟ್ಟಾರು, ಬ್ಯಾಡಗಿ ಖಾರ ಬಿಡಲಾರರು.

ನಾನು ನಮ್ಮ ವಂಶದ ಮೊದಲ ಪದವೀಧರೆ. ಈ ಮಾತನ್ನು ನಾನು ಬೇಕಾದಲ್ಲಿ, ಬೇಡವಾದಲ್ಲಿ ಹೇಳುತ್ತಿರುತ್ತೇನೆ, ಕ್ಷಮೆ ಕೇಳುವುದಿಲ್ಲ. ಕ್ರಾಸಿಂಗ್ ಹೂವಿನ ಬಣ್ಣ ಹತ್ತಿದ ಕೈಗಳು ಕಟ್ಟಿದ ಫೀಜಿನ ಮೇಲೆ ಓದಿದವಳು ನಾನು. ಆದರೆ ವಿಜ್ಞಾನದ ಮೇಷ್ಟರಾಗಿ ಒಂದು ಸಂಗತಿ ಹೇಳದಿದ್ದರೆ ತಪ್ಪಾದೀತು. ಹೈಬ್ರಿಡ್ ಬೀಜದ ಮೊದಲ ಪೀಳಿಗೆ ನೋಡಲು ಬಹಳ ಚಂದ. ಒಂದೇ ಎತ್ತರ, ಒಂದೇ ಬಣ್ಣ, ತುಂಬಿದ ಕಾಯಿ. ಆದರೆ ಅದರ ಬೀಜ ಹಿಡಿದಿಟ್ಟು ಬಿತ್ತಿದಿರೋ, ಒಂದು ಗಿಡ್ಡ, ಒಂದು ಉದ್ದ, ಒಂದು ಕಹಿ; ತಾಯಿಯ ಗುಣ ಎಲ್ಲಿ ಹೋಯಿತೋ ಹುಡುಕಬೇಕು. ಹತ್ತನೆಯ ತರಗತಿಗೆ ಈ ಪಾಠ ಮಾಡುವಾಗೆಲ್ಲ ನನಗೆ ನಾವು, ಅಂದರೆ ಮೊದಲ ಪೀಳಿಗೆಯ ಪದವೀಧರರು, ನೆನಪಾಗುತ್ತೇವೆ. ಇಸ್ತ್ರಿ ಮಾಡಿದ ಬಟ್ಟೆ, ಸಾಲಾಗಿ ನಿಂತರೆ ಫೋಟೊಕ್ಕೆ ಚಂದ.

ಆ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವನು ರೂತವ್ವನ ಮಗ ಸುಕುಮಾರ. ಒಂದೇ ಶಾಲೆ, ಒಂದೇ ಬೆಂಚು. ಇಬ್ಬರ ಬುತ್ತಿಯಲ್ಲೂ ಒಂದೇ ಅವರೆಕಾಳಿನ ಪಲ್ಲೆ. ಎಂಜಿನಿಯರಾದ, ಹಾವೇರಿಯಲ್ಲಿ ಒಳ್ಳೆಯ ನೌಕರಿ ಹಿಡಿದ, ಪಾದ್ರಿ ಅಜ್ಜ ವರ್ಗವಾಗಿ ಹೋಗಿ ಎಷ್ಟೋ ವರ್ಷಗಳ ಮೇಲೆ ಚರ್ಚಿನ ಕಮಿಟಿಗೆ ಕಾರ್ಯದರ್ಶಿಯಾದ. ಅವ್ವಂದಿರಿಬ್ಬರೂ ಅವತ್ತು ಸಕ್ಕರೆ ಹಂಚಿದರು.

ಹೋದ ಚಳಿಗಾಲದಲ್ಲಿ ಓಣಿಯಲ್ಲಿ ಸುದ್ದಿ ಹಬ್ಬಿತು. ಚರ್ಚಿಗೆ ಸುಣ್ಣ-ಬಣ್ಣ ಆಗುತ್ತದಂತೆ, ಸುಗ್ಗಿ ಭಾನುವಾರಕ್ಕೆ ದೊಡ್ಡ ಅತಿಥಿಗಳು ಬರುತ್ತಾರಂತೆ, ಹಿಂದಿನ ತೋಟ ತೆಗೆದು ಲಾನ್ ಹಾಕುತ್ತಾರಂತೆ. ಅವ್ವನ ಮಡಿಯಲ್ಲಿ ಅವರೆ ಆಗ ಮೈತುಂಬ ಕಾಯಿ ಬಿಟ್ಟು ನಿಂತಿತ್ತು. ಎಳೆ ಕಾಯಿ. ಬೀಜಕ್ಕೆ ಬಲಿಯಲು, ಬಳ್ಳಿಯ ಮೇಲೆಯೇ ಒಣಗಲು ಇನ್ನೂ ಹೊತ್ತು ಬೇಕಿತ್ತು. ಉಳಿದವರ ಮಡಿಗಳ ಹೀರೆ, ಬದನೆಗಳದೂ ಅದೇ ಸ್ಥಿತಿ. ನಾನು ಧೈರ್ಯ ಹೇಳಿದೆ: “ಸುಕುಮಾರ ನಮ್ಮಾಂವನ ಅದಾನ. ನಾ ಮಾತಾಡತೇನಿ.”

ಮಾತಾಡಿದೆ. ಕಮಿಟಿಯವರೆಲ್ಲ ಕುರ್ಚಿ ಹಾಕಿ ಕೂತಿದ್ದರು. ಒಬ್ಬರು ಬ್ಯಾಂಕು, ಒಬ್ಬರು ನರ್ಸು, ಒಬ್ಬರು ನನ್ನ ಹಾಗೆ ಮೇಷ್ಟ್ರು. ಎಲ್ಲರ ಅವ್ವ-ಅಪ್ಪಂದಿರೂ ಮಣ್ಣು ಹೊತ್ತವರೇ; ನನಗೆ ಗೊತ್ತು. ನನಗೆ ಗೊತ್ತು ಎನ್ನುವುದು ಅವರಿಗೂ ಗೊತ್ತು. ಮಾತು ಕೆಟ್ಟದ್ದು ಅದರಿಂದಲೇ ಎಂದು ಈಗ ಅನ್ನಿಸುತ್ತದೆ.

“ಟೀಚರ್ರ, ನೀವು ಓದಿದವ್ರು,” ಎಂದ ಸುಕುಮಾರ. ಬೆಂಚಿನ ಮೇಲೆ ಶಾಂತಿ ಎಂದು ಕರೆದು ಜಡೆ ಎಳೆಯುತ್ತಿದ್ದವನು ಈಗ ಟೀಚರ್ರ ಎನ್ನುತ್ತಾನೆ. “ಬಂದವ್ರು ಏನಂತಾರ ಹೇಳ್ರಿ? ಚರ್ಚೋ, ಯಾರದರ ಹಿತ್ತಲೋ? ಅಲ್ಲೊಂದು ಕೋಲು, ಇಲ್ಲೊಂದು ಹಗ್ಗ, ಹರಕ ಸೀರಿ ಕಟ್ಟಿದ ಬೆದರುಬೊಂಬಿ.”

“ತೆಗೀಬ್ಯಾಡ ಅನ್ನಂಗಿಲ್ಲೋ ಮಾರಾಯ. ಬೀಜ ಬಲಿಯೂಮಟ ತಡಿ. ಸುಗ್ಗಿ ಮುಗದ ಮ್ಯಾಲ ಹುಲ್ಲರ ಹಾಕು, ಕಲ್ಲರ ಹಾಕು.”

“ಹುಲ್ಲಿನ ಲಾರಿ ಬರೂದು ಫಿಕ್ಸ್ ಆಗೇತ್ರಿ. ನಿಮ್ಮವ್ವಗ, ಹನುಮವ್ವ ಚಿಗವ್ವಗ ಹೇಳ್ರಿ, ಬೇಕಾದ್ರ ಎರಡು ಕುಂಡ ಕೊಡಸ್ತೀನಿ. ಮನೀ ಮುಂದ ಇಟಗೊಳ್ಳಿ.”

ಬಾಗಿಲಲ್ಲಿ ಕೂತಿದ್ದ ರೂತವ್ವ ಎದ್ದಳು. “ಕುಂಡದಾಗ ಅವರಿ ಚಪ್ಪರ ಏರತೈತೇನೋ ಸುಕ್ಯಾ? ಎಂಜಿನಿಯರಂತ ಎಂಜಿನಿಯರು!”

ಎಲ್ಲರೂ ನಕ್ಕರು. ಸುಕುಮಾರ ನಗಲಿಲ್ಲ. “ಯವ್ವಾ, ನೀ ಮನಿಗೆ ನಡಿ,” ಎಂದ. ಅವನ ಮುಖ ಕೆಂಪಾಗಿತ್ತು. ಅವನನ್ನು ಬೈಯಬೇಕೆಂದು ಈಗ ಕೂತಾಗ ನನಗೆ ಆ ಮುಖ ಅಡ್ಡ ಬರುತ್ತದೆ. ಕಸ ಗುಡಿಸುವವಳ ಮಗ ಎನ್ನಿಸಿಕೊಂಡು ಬೆಳೆದವನು ಅದೇ ಅಂಗಳದಲ್ಲಿ ಮಣ್ಣು ಕಾಣದಂತೆ ಮಾಡಲು ಹೊರಟಿದ್ದ. ಅವನಿಗೆ ಅವರೆ ಬೇಡವಾದದ್ದಲ್ಲ, ಗುದ್ದಲಿ ಬೇಡವಾಗಿತ್ತು. ಅರ್ಥವಾಯಿತು. ಅರ್ಥವಾದದ್ದಕ್ಕೆಲ್ಲ ಸಿಟ್ಟು ಇಳಿಯಬೇಕೆಂದು ಎಲ್ಲಿಯೂ ಬರೆದಿಲ್ಲ.

ಆ ವಾರವೇ ಜೆಸಿಬಿ ಬಂತು. ಅವರೆ ಚಪ್ಪರ ಎಷ್ಟು ಹೊತ್ತು ತಡೆದೀತು? ಅವ್ವ ಎಳೆ ಕಾಯಿಗಳನ್ನು ಬುಟ್ಟಿಗೆ ಕಿತ್ತು ತಂದಳು. ಪಲ್ಲೆ ಮಾಡಿದಳು, ಬಹಳ ರುಚಿಯಾಗಿತ್ತು.

ಆಮೇಲೆ ಶುರುವಾಯಿತು ಹುಡುಕಾಟ. ಬೇರೆಲ್ಲಾದರೂ ಹಾಕಿದರಾಯಿತು, ಬೀಜ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ ಎಂದು ನಾನು. ಅವ್ವ ರೂತವ್ವನ ಮನೆಗೆ ಹೋದಳು. ರೂತವ್ವ, “ನಿನ್ನ ಕೈಗೆ ಕೊಟ್ಟ ಮ್ಯಾಲ ನನ್ನ ಕಡೆ ಎಲ್ಲಿಂದ ಬಂತವಾ?” ಎಂದಳು. ಕರೀಂ ಚಾಚಾ ಹೊಲಿಗೆ ಯಂತ್ರದ ಖಾನೆಯನ್ನೆಲ್ಲ ತೆಗೆದು ಸುರಿದ. ಗುಂಡಿಗಳು ಬಿದ್ದವು, ಬದನೆ ಬೀಜ ಬೀಳಲಿಲ್ಲ. ಗುತ್ತಲದ ಕಡೆ ಕೇಳಿದರೆ, ಅಲ್ಲಿ ಅದನ್ನು ಬೆಳೆಯುವುದು ಬಿಟ್ಟು ಎಷ್ಟೋ ಕಾಲವಾಗಿದೆ ಎಂದರು. ಇಡೀ ಓಣಿಯಲ್ಲಿ ಒಬ್ಬರಾದರೂ ಒಂದು ಹಿಡಿ ಕದ್ದು ಇಟ್ಟುಕೊಂಡಿರಬಾರದಿತ್ತೇ? ಇಲ್ಲ. ಎಲ್ಲರೂ ಪೂರಾ ಕೊಟ್ಟಿದ್ದರು. ಪ್ರಾಮಾಣಿಕರ ಓಣಿಯಲ್ಲಿ ವಾಸ ಮಾಡುವ ಕಷ್ಟ ಅವತ್ತು ನನಗೆ ತಿಳಿಯಿತು. ನೆಲದ ಮೇಲಿನ ಬೆಳೆ ಒಂದನ್ನೇ ನಂಬಿ, ಕೈ ಖಾಲಿ ಮಾಡಿಕೊಂಡು, ದೇವರ ಮುಂದೆ ಹಾಡು ಹೇಳುತ್ತಿದ್ದ ಜನ. ಒಬ್ಬ ಜಿಪುಣನಿದ್ದಿದ್ದರೆ ರೂತವ್ವನ ಅವರೆ ಉಳಿಯುತ್ತಿತ್ತು.

ಸುಗ್ಗಿ ಭಾನುವಾರ ಬಂತು. ಅತಿಥಿಗಳೂ ಬಂದರು. ಮೇಜಿನ ಮೇಲೆ ಸಂತೆಯಿಂದ ತಂದ ಹೂಕೋಸು, ರಬ್ಬರ್ ಬ್ಯಾಂಡ್ ಬಿಚ್ಚದ ಕೊತ್ತಂಬರಿ ಸೂಡು. ಬೀಜ ಹಂಚುವ ಪದ್ಧತಿ ಬಿಡುವುದು ಬೇಡವೆಂದು ಸುಕುಮಾರ ಅಂಗಡಿಯಿಂದ ಬೀಜದ ಪಾಕೀಟು ತರಿಸಿದ್ದ. ಅವನ ಮನಸ್ಸು ಕೆಟ್ಟದ್ದಲ್ಲ, ನೋಡಿ. ಅವ್ವನಿಗೆ ಬಂದದ್ದು ಸೌತೆ. ಆಕೆ ಪಾಕೀಟಿನ ಚಿತ್ರವನ್ನು ತಿರುಗಿಸಿ ನೋಡಿ, “ಇಂಥಾದ್ದಕ್ಕ ಎಷ್ಟು ಟೋಪಿಗಿ ಹಾಕೀನೋ ಏನೋ. ನಾ ಮಾಡಿದ್ದ ನನಗ ಮದಿವಿ ಆಹೇರಿ ಆಗಿ ಬಂತು,” ಎಂದಳು. ಆಮೇಲೆ ಸುಕುಮಾರನನ್ನು ಕೇಳಿದಳು, “ಎಲ್ಲಿ ಹಾಕಲೋ ತಮ್ಮಾ ಇದನ್ನ?”

ಅವನು ಏನೋ ಹೇಳುವುದರೊಳಗೆ ರೂತವ್ವ ಪಾಕೀಟು ಕಸಿದುಕೊಂಡು, ಹಲ್ಲಿನಲ್ಲಿ ಕಚ್ಚಿ ಹರಿದು, ಬಾಗಿಲಿನಿಂದಲೇ ಹುಲ್ಲಿನ ಮೇಲೆ ಎರಚಿದಳು. “ಇಲ್ಲೆ ಹಾಕು. ನೀರಂತೂ ಬಿಡತಾರ.” ಔಷಧಿ ಸವರಿದ ಗುಲಾಬಿ ಬಣ್ಣದ ಬೀಜಗಳು ಹಸಿರಿನ ಮೇಲೆ ಬಿದ್ದವು. ಅತಿಥಿಗಳು ಇದೂ ಹಬ್ಬದ ಒಂದು ಶಾಸ್ತ್ರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಬೀಜಕ್ಕೆ ಅವಮಾನ, ಅಭಿಮಾನ ತಿಳಿಯುವುದಿಲ್ಲ. ನೀರು ಸಿಕ್ಕಿತು, ಮೊಳೆಯಿತು. ಕೆಲವು ದಿನಗಳಲ್ಲಿ ಹುಲ್ಲಿನ ಚಾಪೆಯ ತುಂಬ ಸೌತೆಯ ಜೋಡಿ ಎಲೆಗಳು. ಸುಕುಮಾರ ನಮ್ಮ ಮನೆಗೆ ಬಂದ. ಚಹಾ ಕುಡಿದ. ಚಿಗವ್ವನಿಗೆ ತೋಟ ಹೋದ ಬೇಜಾರಿದೆಯೆಂದು ತನಗೆ ಗೊತ್ತೆಂದೂ, ಅದಕ್ಕೇ ತಾನೊಂದು ದಾರಿ ಮಾಡಿದ್ದೇನೆಂದೂ ಹೇಳಿದ. ಲಾನ್ ನೋಡಿಕೊಳ್ಳಲು ಒಬ್ಬರು ಬೇಕು, ದಿನಗೂಲಿ. “ಹುಲ್ಲಿನ್ಯಾಗ ಕಳೆ ಎದ್ದಾವ ಚಿಗವ್ವಾ. ನಿನ್ನಂಗ ಕೈ ಓಡೂದು ಯಾರಿಗೂ ಇಲ್ಲ. ಬಂದು ಕಿತ್ತು ಕೊಡು.”

ಅವ್ವ ಅವನ ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದವಳು ತಿರುಗಿ ನಿಂತಳು.

“ಹುಲ್ಲು ಕಿತ್ತು ಬೆಳಿ ಉಳಸೂದು ನಾ ಕಲತದ್ದೋ ತಮ್ಮಾ. ಬೆಳಿ ಕಿತ್ತು ಹುಲ್ಲು ಉಳಸೂದು ನನಗ ಬರಂಗಿಲ್ಲ. ಅದಕ್ಕ ಓದಿದವ್ರನ್ನ ಕರಕೊಂಡ ಹೋಗು.”

ಹೇಳಿದ್ದು ಅವನಿಗೇ, ಅನುಮಾನವಿಲ್ಲ. ಆದರೆ ಆ ಹೊತ್ತಿಗೆ ಮನೆಯಲ್ಲಿ ಓದಿದವಳು ಎಂದು ಖಾಲಿ ಕೂತಿದ್ದವಳು ನಾನೊಬ್ಬಳೇ. ಸುಕುಮಾರ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಒಂದೇ ಬೆಂಚಿನವರು, ಮೇಷ್ಟರು ಪ್ರಶ್ನೆ ಕೇಳಿದಾಗ ಉತ್ತರ ಬಾರದೆ ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ನಮಗೆ ಹೊಸದೇನಲ್ಲ.