ಬೀಬಿ ಕೂತ ರಿಕ್ಷಾ

ತೊಂಬತ್ತರ ದಶಕದ ಕೊನೆಯಲ್ಲಿ ಮೆಲ್ಕಾರಿನ ರಿಕ್ಷಾ ಪಾರ್ಕಿಗೆ ಹಳೆಯ ರಿಕ್ಷಾ ಮಾರಾಟಕ್ಕೆ ಬಂದರೆ ಕೊಳ್ಳುವವರು ಮೊದಲು ಎಂಜಿನಿನ ಸದ್ದು ಕೇಳುತ್ತಿದ್ದರು, ಆಮೇಲೆ ಟಯರು ಒತ್ತಿ ನೋಡುತ್ತಿದ್ದರು, ಕೊನೆಗೆ ಒಂದು ಪ್ರಶ್ನೆ ಹಾಕುತ್ತಿದ್ದರು: "ಇದರಲ್ಲಿ ಬೀಬಿಯಕ್ಕ ಕೂತಿದ್ದಾರಾ?"

ಬೀಬಿ ಅಂದರೆ ಅಬ್ದುಲ್ ಶುಕೂರನ ಹೆಂಡತಿ. ಶುಕೂರ್ ಅಂದರೆ ಜಂಕ್ಷನ್ನಿನಿಂದ ನೂರು ಹೆಜ್ಜೆ ಒಳಗೆ, ತಗಡಿನ ಮಾಡಿನ ಕೆಳಗೆ ರಿಕ್ಷಾಗಳ ಬ್ರೇಕ್ ರಿಪೇರಿ ಮಾಡುವವ. ಎಂಜಿನ್ ಕೆಲಸವೂ ಅವನಿಗೆ ಗೊತ್ತಿತ್ತು. ಆದರೆ ಜನ ಅವನ ಬಳಿ ಬರುತ್ತಿದ್ದುದು ಬ್ರೇಕಿಗೆ, ಅದರಲ್ಲೂ ಹಿಂದಿನ ಎರಡು ಚಕ್ರದ ಬ್ರೇಕಿಗೆ.

ಆ ಕೆಲಸವನ್ನು ಅವನು ಕಲಿತದ್ದು ಮೂಡುಬಿದಿರೆಯಲ್ಲಿ, ಡೊಂಬಯ್ಯ ಎಂಬ ಮೇಸ್ತ್ರಿಯ ಹತ್ತಿರ. ಡೊಂಬಯ್ಯನವರ ಗ್ಯಾರೇಜಿನಲ್ಲಿ ಬಾವಿಕಟ್ಟೆಯ ಪಕ್ಕ ಯಾವಾಗಲೂ ಒಂದು ಸೋಪಿನ ತುಂಡು ಇರುತ್ತಿತ್ತು. ಬೇರೆ ಕಡೆಯವರು ಬ್ರೇಕಿನ ಸಾಮಾನನ್ನೆಲ್ಲ ಪೆಟ್ರೋಲಿನಲ್ಲಿ ಅದ್ದಿ ತೊಳೆದರೆ, ಅವರು ಒಳಗಿನ ರಬ್ಬರುಗಳಿಗೆ ಪೆಟ್ರೋಲಿನ ಹನಿಯೂ ತಾಗದಂತೆ ನೋಡುತ್ತಿದ್ದರು. ಪೆಟ್ರೋಲು ತಾಗಿದ ರಬ್ಬರು ಉಬ್ಬುತ್ತದೆ, ಉಬ್ಬಿದ ರಬ್ಬರು ಒಂದು ದಿನ ಕೈಕೊಡುತ್ತದೆ. ರಬ್ಬರು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು. ಈ ಪಾಠ ಶುಕೂರನ ಜೊತೆ ಮೆಲ್ಕಾರಿಗೂ ಬಂತು.

"ನಮಾಝಿಗೆ ಮೊದಲು ಕೈಕಾಲು ತೊಳೆಯುವ ಹಾಗೆ ಶುಕೂರಾಕ ಬ್ರೇಕಿಗೂ ವುಝು ಮಾಡ್ತಾರೆ" ಎಂದು ಪಾರ್ಕಿನ ಡ್ರೈವರ್ ನವಾಝ್ ಗೇಲಿ ಮಾಡುತ್ತಿದ್ದ. ಬೀಬಿ ಕೂರುವ ಪದ್ಧತಿ ಶುರುವಾದದ್ದೂ ಇದೇ ನವಾಝನ ಬಾಯಿಯಿಂದಲೇ. ೧೯೯೪ರಲ್ಲಿ ಶುಕೂರ್ ಅಂಗಡಿ ಹಾಕಿದ ಹೊಸತರಲ್ಲಿ ನವಾಝ್ ತನ್ನ ರಿಕ್ಷಾ ತಂದಿದ್ದ. ಕೆಲಸ ಮುಗಿದಾಗ ಪೆಡಲು ಒತ್ತಿ ನೋಡಿ, ಸಂಶಯದಲ್ಲಿ ಕೇಳಿದ:

"ಇದರಲ್ಲಿ ನಿಮ್ಮ ಮನೆಯವರನ್ನು ಕೂರಿಸಿಕೊಂಡು ಹೋಗ್ತೀರಾ?"

ಶುಕೂರ್ ಕೈ ಒರೆಸಿಕೊಂಡ. ಬುತ್ತಿ ತಂದು ನಿಂತಿದ್ದ ಬೀಬಿಯ ಕಡೆ ತಿರುಗಿ, "ಹತ್ತು" ಎಂದ.

ಅಂದಿನಿಂದ ಅದು ರೂಢಿಯಾಯಿತು. ಮನೆಯ ದಾರಿಯಲ್ಲಿ ಉದ್ದನೆಯ ಇಳಿಜಾರು ಒಂದಿತ್ತು. ಬುಡದಲ್ಲಿ ಮೋರಿ, ಮೋರಿಯಾಚೆ ಮನೆ. ರಿಪೇರಿಯಾದ ರಿಕ್ಷಾದಲ್ಲಿ ಶುಕೂರ್ ಮೊದಲು ಒಬ್ಬನೇ ಎರಡು ಸಲ ಇಳಿದು ನೋಡುತ್ತಿದ್ದ. ಮೂರನೆಯ ಸಲ ಹಿಂದಿನ ಸೀಟಿನಲ್ಲಿ ಖಾಲಿ ಬುತ್ತಿಯ ಜೊತೆ ಬೀಬಿ. ಅವಳಿಗೆ ದಾರಿಯುದ್ದಕ್ಕೂ ಮಾತಾಡುವ ಅಭ್ಯಾಸ. ನೆರೆಮನೆಯ ಶಹರ್ಬಾನುವಿನ ಕೋಳಿಯಿಂದ ಶುರುವಾದದ್ದು ಪಾಣೆಮಂಗಳೂರಿನ ಮೀನಿನ ರೇಟಿನವರೆಗೆ ಹೋಗುತ್ತಿತ್ತು. ಮೋರಿಯ ಹತ್ತಿರ ಬ್ರೇಕ್ ಹಿಡಿದಾಗ ಆ ಮಾತು ಕಡಿಯದಿದ್ದರೆ ಕೆಲಸ ಸರಿಯಾಗಿದೆ ಎಂದು ಶುಕೂರನ ಲೆಕ್ಕ. ರಿಕ್ಷಾ ಒಂದು ಬದಿಗೆ ಎಳೆದರೆ ಅವಳು ತಟ್ಟನೆ ಸುಮ್ಮನಾಗಿ ಕಂಬಿ ಹಿಡಿದುಕೊಳ್ಳುತ್ತಿದ್ದಳು. ಆ ರಿಕ್ಷಾ ಮರುದಿನವೂ ಅಂಗಡಿಯಲ್ಲೇ ನಿಲ್ಲುತ್ತಿತ್ತು.

ಎಂಟು ವರ್ಷ ಹೀಗೆ ನಡೆಯಿತು. ಅವಳು ಕೂತ ಯಾವ ರಿಕ್ಷಾವೂ ಅದೇ ದೂರು ಹೊತ್ತು ತಿರುಗಿ ಬಂದಿರಲಿಲ್ಲ. ೨೦೦೨ರ ಅಕ್ಟೋಬರಿನಲ್ಲಿ ಕೊಕ್ಕಡದ ಮಾಯಿಲಪ್ಪ ಬಂದ.

ಮಾಯಿಲಪ್ಪ ಐವತ್ತು ದಾಟಿದ, ಕಡಿಮೆ ಮಾತಿನ ಡ್ರೈವರು. ಶುಕೂರನ ಹೆಸರು ಕೇಳಿ ಉಪ್ಪಿನಂಗಡಿ, ಮಾಣಿ ದಾಟಿ ಅಷ್ಟು ದೂರದಿಂದ ಬಂದಿದ್ದ. ಹಿಂದಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಶುಕೂರ್ ಎಂದಿನಂತೆ ರಿಕ್ಷಾವನ್ನು ಹಳೆಯ ಟಯರಿನ ಮೇಲೆ ಮಗ್ಗುಲಿಗೆ ಮಲಗಿಸಿ ಹೊಟ್ಟೆಯ ಅಡಿ ನೋಡಿದ. ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಸಪೂರ ಕಬ್ಬಿಣದ ಪೈಪು ಒಂದು ಕಡೆ ತುಕ್ಕು ತಿಂದು ಬೆವರುತ್ತಿತ್ತು. ಹಳೆಯ ಗಾಡಿ, ಮಳೆಗಾಲ ಈಗಷ್ಟೇ ಮುಗಿದಿತ್ತು. ಅದರಲ್ಲಿ ವಿಶೇಷ ಕಾಣಲಿಲ್ಲ. ಹೊಸ ಪೈಪು ಹಾಕಿ, ಆಯಿಲಿನಲ್ಲಿ ಸೇರಿದ್ದ ಗಾಳಿ ತೆಗೆದು, ಬೀಬಿಯನ್ನು ಕೂರಿಸಿ ಇಳಿಜಾರು ಇಳಿದ. ಅವಳ ಮಾತು ಕಡಿಯಲಿಲ್ಲ.

ಡಿಸೆಂಬರಿನಲ್ಲಿ ಮಾಯಿಲಪ್ಪ ಮತ್ತೆ ಬಂದ. ಅದೇ ಪೈಪು, ಅದೇ ಜಾಗ. ಶುಕೂರ್ ಪೈಪು ಮಾರಿದವನನ್ನು ಮನಸ್ಸಿನಲ್ಲೇ ಬೈದು, ಮಂಗಳೂರಿನಿಂದ ಒಳ್ಳೆಯ ಮಾಲು ತರಿಸಿ ಹಾಕಿದ. ಬೀಬಿ ಮತ್ತೊಮ್ಮೆ ಕೂತಳು.

ಫೆಬ್ರವರಿಯ ಮೊದಲ ವಾರ ರಿಕ್ಷಾ ಮೂರನೆಯ ಸಲ ಬಂತು. ಹಿಂದಿನ ಸಂಜೆ ಕೊಕ್ಕಡದ ಒಂದು ಇಳಿತದಲ್ಲಿ ಪೆಡಲು ನೆಲದವರೆಗೆ ಹೋಗಿತ್ತು. ಮಾಯಿಲಪ್ಪ ಹ್ಯಾಂಡ್‌ಬ್ರೇಕ್ ಎಳೆದು ತೋಟದ ಬೇಲಿಗೆ ತಾಗಿಸಿ ನಿಲ್ಲಿಸಿದ್ದ. ಒಳಗೆ ಜನ ಇರಲಿಲ್ಲ. ಬೆಳಿಗ್ಗೆ ಎದ್ದವನೇ ಆಯಿಲಿನ ಬಾಟ್ಲಿ ಕಾಲ ಬಳಿ ಇಟ್ಟುಕೊಂಡು, ದಾರಿಯಲ್ಲಿ ನಾಲ್ಕು ಕಡೆ ನಿಲ್ಲಿಸಿ ಹೊಯ್ಯುತ್ತಾ ಮೆಲ್ಕಾರಿಗೆ ಬಂದಿದ್ದ.

"ನನಗೆ ನಿಮ್ಮ ಮೇಲೆ ಬೇಜಾರಿಲ್ಲ ಶುಕೂರಾಕ. ಗಾಡಿಯ ಗ್ರಹಚಾರ ಸರಿ ಇಲ್ಲ, ಅಷ್ಟೇ" ಎಂದ.

ಸಿಟ್ಟು ಮಾಡಿದ್ದರೆ ಶುಕೂರನಿಗೆ ಹಗುರವಾಗುತ್ತಿತ್ತು. ಪಾರ್ಕಿನಲ್ಲಿ ಸುದ್ದಿ ಆಗಲೇ ಹರಡಿತ್ತು. ನವಾಝ್ ಚಹಾದ ಗ್ಲಾಸು ಹಿಡಿದುಕೊಂಡೇ ಬಂದು ನೋಡಿದ.

"ಬೀಬಿಯಕ್ಕ ಎರಡು ಸಲ ಕೂತ ಗಾಡಿ ಅಲ್ವಾ ಇದು? ಇನ್ನು ನಾವು ಯಾರನ್ನು ಕೂರಿಸಿ ನೋಡುವುದು ಮಾರಾಯ್ರೇ?"

ಶುಕೂರ್ ನಗಲಿಲ್ಲ. ಮಳೆ ನಿಂತು ಮೂರು ತಿಂಗಳ ಮೇಲಾಗಿತ್ತು. ರಸ್ತೆ ತುಂಬಾ ಧೂಳು. ಹೊಸ ಪೈಪು ಎಂಟು ವಾರಕ್ಕೆ ತುಕ್ಕು ತಿನ್ನುವುದಕ್ಕೆ ನೀರಾದರೂ ಎಲ್ಲಿಂದ ಬರಬೇಕು? ಅವನು ರಿಕ್ಷಾ ಮಲಗಿಸಿ, ಟಾರ್ಚ್ ಹಿಡಿದು, ಪೈಪನ್ನು ಈ ತುದಿಯಿಂದ ಆ ತುದಿವರೆಗೆ ಬೆರಳಲ್ಲಿ ಸವರಿದ. ತುಕ್ಕು ತಿಂದ ಗೇಣುದ್ದ ಬಿಟ್ಟು ಉಳಿದದ್ದೆಲ್ಲ ಹೊಸತರಂತೆಯೇ ಇತ್ತು. ಮತ್ತೆ ಹೊಸದು ಹಾಕಬಹುದು. ಹಾಕಿದರೆ ಏಪ್ರಿಲಿನಲ್ಲಿ ಮತ್ತೆ ಬರುತ್ತದೆ. ಅಥವಾ ಬಾರದೆಯೇ ಹೋಗಬಹುದು. ಮುಂದಿನ ಸಲ ಇಳಿತದಲ್ಲಿ ಒಳಗೆ ಜನ ಇದ್ದರೆ?

ಕಾರಣ ಸಿಗದೆ ಈ ರಿಕ್ಷಾವನ್ನು ಕಳಿಸುವುದಿಲ್ಲ, ಸಿಗದಿದ್ದರೆ ಬ್ರೇಕಿನ ಕೆಲಸವೇ ಸಾಕು ಎಂದು ಅವನು ಮನಸ್ಸಿನಲ್ಲಿ ತೀರ್ಮಾನಿಸಿದ. ಕೈ ಒರೆಸಿಕೊಂಡು ಗಾಡಿಯನ್ನು ಎತ್ತಿ ನಿಲ್ಲಿಸಿದ.

ಒಂದೂವರೆಗೆ ಬೀಬಿ ಬುತ್ತಿ ತಂದಳು. ಬಿಸಿಲಿಗೆ ಬೆಂಚು ಕಾದಿತ್ತು. ಅವಳು ನೆರಳಿನಲ್ಲಿ ನಿಂತಿದ್ದ ಮಾಯಿಲಪ್ಪನ ರಿಕ್ಷಾ ಹತ್ತಿ ಕೂತಳು.

"ಇಳಿ. ಇವತ್ತು ನಿನ್ನನ್ನು ಕೂರಿಸುವುದಿಲ್ಲ" ಎಂದ ಶುಕೂರ್.

"ನಿಂತ ಗಾಡಿಗೆ ಬ್ರೇಕ್ ಯಾಕೆ? ನೀವು ಊಟ ಮಾಡಿ."

ಅವನು ಬುತ್ತಿ ಬಿಚ್ಚಿದ. ಬೀಬಿ ಮೂಗು ಅರಳಿಸಿ ಆಚೀಚೆ ನೋಡಿದಳು. ಸೀಟು ತಟ್ಟಿದಳು, ಸೆರಗು ಕೊಡವಿದಳು.

"ಇದರಲ್ಲಿ ಇರುವೆ ಉಂಟು."

"ಎಲ್ಲಿ?"

"ಕಾಣುವುದಿಲ್ಲ. ವಾಸನೆ ಉಂಟು. ಹಲಸಿನ ಮರದ ಕೆಂಪಿರುವೆಯನ್ನು ಜಜ್ಜಿದರೆ ಮೂಗಿಗೆ ಚುರ್ ಅಂತ ಬರುತ್ತದಲ್ಲ, ಅದೇ."

ಬೆಂಚಿನ ತುದಿಯ ತುಸು ನೆರಳಿನಲ್ಲಿ ಕೂತಿದ್ದ ಮಾಯಿಲಪ್ಪ ಆ ದಿನ ಮೊದಲ ಸಲ ನಕ್ಕ.

"ಇರುವೆ ಅಲ್ಲ ಬೀಬಿಯಕ್ಕ, ಅದು ರಬ್ಬರಿನ ಆಸಿಡ್. ಯಾವಾಗಲೂ ತೊಳೆದು, ಊದುಬತ್ತಿ ಹಚ್ಚಿಯೇ ತರುವುದು. ಇವತ್ತು ಪುರುಸೊತ್ತಾಗಲಿಲ್ಲ."

ಶುಕೂರ್ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಯಾವ ಆಸಿಡ್?"

ಮಾಯಿಲಪ್ಪ ವಿವರಿಸಿದ. ಕೊಕ್ಕಡದ ಸುತ್ತ ರಬ್ಬರು ತೋಟ ಇರುವ ಮನೆಗಳಲ್ಲಿ ಮರದ ಹಾಲನ್ನು ತಟ್ಟೆಗೆ ಹೊಯ್ದು, ಅದು ಗಟ್ಟಿಯಾಗಲು ಒಂದಿಷ್ಟು ಆಸಿಡ್ ಬೆರೆಸುತ್ತಾರೆ. ಪೇಟೆಯಲ್ಲಿ ಸಿಗುವ ಅದನ್ನು ಅವನು ಬಾಡಿಗೆಗೆ ಹೋಗುವ ದಾರಿಯಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ. ಉಪಕಾರಕ್ಕೆ, ದುಡ್ಡಿಗಲ್ಲ. ಅಕ್ಟೋಬರಿನಿಂದ ಜನವರಿವರೆಗೆ ಹಾಲು ಜಾಸ್ತಿ, ಆಸಿಡೂ ಜಾಸ್ತಿ. ಕ್ಯಾನಿನ ಮುಚ್ಚಳ ಯಾವತ್ತೋ ಕಳೆದುಹೋಗಿತ್ತು. ಬಾಯಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ನೂಲು ಕಟ್ಟುತ್ತಿದ್ದ.

"ಎಲ್ಲಿ ಇಡುವುದು?"

"ಹಿಂದಿನ ಸೀಟಿನ ಕಾಲಡಿ, ಬಲಮೂಲೆಯಲ್ಲಿ. ಜನ ಹತ್ತುವುದು ಎಡಗಡೆಯಿಂದ ಅಲ್ವಾ, ಅಡ್ಡ ಆಗಬಾರದಲ್ಲ."

ಶುಕೂರ್ ಎದ್ದ. ಬೀಬಿ ಕಾಲು ಮೇಲೆತ್ತಿಕೊಂಡಳು. ಅವನು ಬಲಮೂಲೆಯ ಮ್ಯಾಟ್ ಎತ್ತಿದ. ಅಡಿಯ ತಗಡು ಒದ್ದೆ ಹಪ್ಪಳದಂತಾಗಿತ್ತು. ಸ್ಪ್ಯಾನರಿನ ತುದಿಯಲ್ಲಿ ಮುಟ್ಟಿದರೆ ಉದುರಿತು. ಉದುರಿದ ತೂತಿನಿಂದ ಕೆಳಗೆ ನೋಡಿದ. ನೇರ ಅಡಿಯಲ್ಲಿ ಬ್ರೇಕಿನ ಪೈಪು ಹಾದುಹೋಗಿತ್ತು, ಸರಿಯಾಗಿ ಆ ಗೇಣುದ್ದ.

ಎಂಟು ವರ್ಷದಲ್ಲಿ ನೂರಾರು ರಿಕ್ಷಾಗಳನ್ನು ಮಲಗಿಸಿ ಹೊಟ್ಟೆ ನೋಡಿದ್ದ. ಡ್ರೈವರಿನ ಸೀಟಿನಲ್ಲಿ ಕೂತು ಪೆಡಲು ಒತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತು ಕಾಲಡಿ ನೋಡಿದ ನೆನಪು ಮಾತ್ರ ಒಂದೂ ಬರಲಿಲ್ಲ. ಅಲ್ಲಿ ಕೂರುತ್ತಿದ್ದವಳು ಬೀಬಿ.

"ಮಾಯಿಲಪ್ಪಣ್ಣ, ಗ್ರಹಚಾರ ಸಿಕ್ಕಿತು. ಬನ್ನಿ, ನೋಡಿ" ಎಂದ.

ಮಾಯಿಲಪ್ಪ ತೂತನ್ನೂ ಪೈಪನ್ನೂ ನೋಡಿ ತಲೆ ಕೆರೆದುಕೊಂಡ. "ಇಷ್ಟು ದಿನ ಪೈಪಿಗೆ ಆಸಿಡ್ ನಾನೇ ಹೊಯ್ದದ್ದು" ಎಂದು ಮೆಲ್ಲಗೆ ಹೇಳಿದ.

"ನಾನೂ ಕೇಳಲಿಲ್ಲವಲ್ಲ" ಎಂದ ಶುಕೂರ್.

ಆ ಮಧ್ಯಾಹ್ನ ಮತ್ತು ಮರುದಿನ ಬೆಳಿಗ್ಗೆ ಕೆಲಸ ನಡೆಯಿತು. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿದ. ಅಡಿಯನ್ನೆಲ್ಲ ಸೋಪು ನೀರಿನಲ್ಲಿ ಮೂರು ಸಲ ತೊಳೆದ. ಹೊಸ ಪೈಪನ್ನು ಆ ಮೂಲೆಯಿಂದ ದೂರ ಸರಿಸಿ ಕ್ಲಿಪ್ ಹಾಕಿದ. ಕೈ ತೊಳೆದು ಚಕ್ರದೊಳಗಿನ ರಬ್ಬರುಗಳನ್ನೂ ಬದಲಿಸಿದ. ಮಾಯಿಲಪ್ಪ ಪಾಣೆಮಂಗಳೂರಿಗೆ ಹೋಗಿ ತಿರುಪು ಮುಚ್ಚಳದ ಕ್ಯಾನು ಮತ್ತು ಅದನ್ನು ಇಡಲು ಒಂದು ಪ್ಲಾಸ್ಟಿಕ್ ಬೋಗುಣಿ ತಂದ. ಜನ ಇರುವಾಗ ಕ್ಯಾನು ಇಡುವುದಿಲ್ಲ ಎಂದು ಕೇಳದೆಯೇ ಮಾತು ಕೊಟ್ಟ.

ಮರುದಿನ ಎರಡು ಗಂಟೆಗೆ ಶುಕೂರ್ ಒಬ್ಬನೇ ಎರಡು ಸಲ ಇಳಿಜಾರು ಇಳಿದ. ತಿರುಗಿ ಬಂದಾಗ ಬೀಬಿ ಖಾಲಿ ಬುತ್ತಿ ಹಿಡಿದು ನಿಂತಿದ್ದಳು. ಪಾರ್ಕಿನ ನಾಲ್ಕೈದು ಮಂದಿಯೂ ಇದ್ದರು, ನವಾಝ್ ಮುಂದೆ.

"ಇವತ್ತು ಕೂರಬಹುದಾ?" ಎಂದು ಅವಳು ಗಂಡನನ್ನು ಕೇಳಿದಳು.

"ಹತ್ತು."

"ಬೀಬಿಯಕ್ಕ, ಮೂಗು ಜೊತೆಗೆ ತಂದಿದ್ದೀರಲ್ವಾ?" ಎಂದ ನವಾಝ್.

"ತಂದಿದ್ದೇನೆ. ನಿನ್ನ ರಿಕ್ಷಾದ ಬಳಿ ಬರುವಾಗ ಮಾತ್ರ ಮುಚ್ಚಿಕೊಳ್ಳುವುದು."

ಎಲ್ಲರೂ ನಕ್ಕರು. ಮಾಯಿಲಪ್ಪ ಡ್ರೈವರಿನ ಸೀಟಿನ ಅಂಚಿನಲ್ಲಿ ಶುಕೂರನಿಗೆ ಒತ್ತಿ ಕೂತ. ರಿಕ್ಷಾ ಇಳಿಜಾರಿಗೆ ತಿರುಗಿದಾಗ ಬೀಬಿ ಶಹರ್ಬಾನುವಿನ ಮೊಮ್ಮಗಳ ಮದುವೆ ಮಾತುಕತೆಯ ಸುದ್ದಿ ಎತ್ತಿದ್ದಳು. ಹುಡುಗ ಸೌದಿಯಲ್ಲಿ, ರಜೆ ಬರೀ ಇಪ್ಪತ್ತು ದಿನ, ಅಷ್ಟರಲ್ಲಿ ಬಟ್ಟೆ ತೆಗೆಯುವುದು ಯಾವಾಗ. ಮೋರಿ ಹತ್ತಿರ ಬಂತು. ಶುಕೂರ್ ಪೆಡಲನ್ನು ಗಟ್ಟಿಯಾಗಿ ಒತ್ತಿದ. ರಿಕ್ಷಾ ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ಮೋರಿಗೆ ಎರಡು ಮಾರು ಈಚೆ ನಿಂತಿತು. ಹಿಂದಿನ ಸೀಟಿನಲ್ಲಿ ಮಾತು ಮದುವೆಯ ಬಿರಿಯಾನಿಗೆ ತಲುಪಿತ್ತು.

ಆ ರಿಕ್ಷಾ ಮುಂದೆ ಆರು ವರ್ಷ ಕೊಕ್ಕಡದಲ್ಲಿ ಓಡಿತು. ಪೈಪಿಗಾಗಿ ತಿರುಗಿ ಬರಲಿಲ್ಲ. ಶುಕೂರನ ಕೆಲಸದಲ್ಲಿ ಮಾತ್ರ ಒಂದು ಕ್ರಮ ಹೆಚ್ಚಾಯಿತು. ಯಾವ ರಿಕ್ಷಾ ಬಂದರೂ ಮಲಗಿಸುವ ಮೊದಲು ಹಿಂದಿನ ಸೀಟಿಗೆ ಹತ್ತಿ, ಮ್ಯಾಟ್ ಎತ್ತಿ ನೋಡಿ, ಎರಡು ನಿಮಿಷ ಸುಮ್ಮನೆ ಕೂರುತ್ತಿದ್ದ. ಏನೇನು ಹೇರುತ್ತೀರಿ ಎಂದು ಡ್ರೈವರನ್ನು ಅಲ್ಲಿಂದಲೇ ಕೇಳುತ್ತಿದ್ದ.

"ಎಲ್ಲಿಗೆ ಬಿಡಬೇಕು ಶುಕೂರಾಕ?" ಎಂದು ನವಾಝ್ ದೂರದಿಂದಲೇ ಕೂಗುತ್ತಿದ್ದ.

"ಮನೆಗೆ. ಊಟದ ಹೊತ್ತಾಯಿತು" ಎನ್ನುತ್ತಿದ್ದ ಶುಕೂರ್, ಕೂತಲ್ಲಿಂದ ಏಳದೆ.