ಮಗಳಿಗೊಂದು ಒಣ ಕುರ್ಚಿ

ಆಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಯ ಚಿಮಣಿಯ ಆಚೆ ಎರಡಂತಸ್ತಿನ ತಗ್ಗು ಕಟ್ಟಡವೊಂದಿದೆ. ಬೆಳಕು ಹರಿಯುವ ಮೊದಲೇ ಅದರ ಕಿಟಕಿಗಳಿಂದ ಹಬೆ ಹೊರಡುತ್ತದೆ. ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದಲೇ ಹೋಗುವ ರೋಗಿಗಳಿಗೆ ಅಲ್ಲೊಂದು ಒಗೆತದ ಮನೆಯಿದೆ ಎಂಬುದೇ ಗೊತ್ತಿಲ್ಲ. ಒಳಗೆ, ದೊಡ್ಡ ಯಂತ್ರವೊಂದರ ದುಂಡು ಬಾಗಿಲನ್ನು ಹೆಂಗಸೊಬ್ಬರು ಮೊಣಕಾಲು ಒತ್ತಿ ತೆರೆಯುತ್ತಾರೆ. ರಾತ್ರಿ ವಾರ್ಡುಗಳಿಂದ ಬಂದ ಹೊದಿಕೆಗಳು ಒದ್ದೆಯಾಗಿ, ಹಗ್ಗದ ಹಾಗೆ ಹೆಣೆದುಕೊಂಡು ಕೂತಿವೆ. ಅವರು ಒಂದು ತುದಿ ಹುಡುಕಿ, ಮೊಣಕೈಗೆ ಸುತ್ತಿಕೊಂಡು, ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ನೀರು ಗವಸಿನ ಬಾಯಿಯಿಂದ ಒಳಗಿಳಿಯುತ್ತದೆ. ಎಷ್ಟೇ ಬಿಗಿಯಾಗಿ ಕಟ್ಟಿಕೊಂಡರೂ ಇಳಿಯುತ್ತದೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಚಾದರದಕ್ಕ ಎಂದು. ವಯಸ್ಸು ಐವತ್ತರ ಹತ್ತಿರ. ಬೆಳಗಿನ ಪಾಳಿ ಮುಗಿಯುವಷ್ಟರಲ್ಲಿ ಒಂದು ಮಹಡಿಯ ಅಷ್ಟೂ ಹಾಸಿಗೆಗಳ ಬಟ್ಟೆ ಅವರ ಕೈ ದಾಟಿ ಹೋಗಿರುತ್ತದೆ. ನಡುವೆ ಸಿಗುವ ಚಹಾದ ಹೊತ್ತಿನಲ್ಲಿ ಅವರು ಮೊದಲು ಮಾಡುವ ಕೆಲಸ ಚಹಾ ಕುಡಿಯುವುದಲ್ಲ. ಗವಸು ಕಳಚಿ, ಕೈಯನ್ನು ಹಳೆಯ ಬಟ್ಟೆಗೆ ಉಜ್ಜದೆ ಒತ್ತಿ ಒಣಗಿಸಿ, ಡಬ್ಬಿಯಿಂದ ಮುಲಾಮು ತೆಗೆದು ಬೆಣ್ಣೆ ಸವರಿದ ಹಾಗೆ ಸವರುತ್ತಾರೆ. ಗೆಣ್ಣುಗಳ ಮೇಲೆ ಕೆಂಪು ಬಿರುಕುಗಳು. ಹೆಬ್ಬೆರಳ ಬುಡದಲ್ಲಿ ಚರ್ಮ ಹುರುಪೆ ಎದ್ದಿದೆ. ಇಸಬು.

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ನಂಗೆ ಕ್ಯಾಲೆಂಡರೂ ಬೇಡ. ಅಂಗೈ ನೋಡ್ಕೊಂಡ್ರೆ ಯಾವ ವಾರ ಯಾವ ಸೋಪಿನ ಪುಡಿ ಬಂದಿತ್ತು ಅಂತ ಹೇಳ್ಬಿಡ್ತೀನಿ,” ಎನ್ನುತ್ತಾರೆ. ನಗುವುದಿಲ್ಲ.

ಈ ನೀರಿನಿಂದ ಅವರು ಒಮ್ಮೆ ಪಾರಾಗಿದ್ದರು. ಈಗ ತಾವಾಗಿಯೇ ಮತ್ತೆ ಇಳಿದಿದ್ದಾರೆ.

ಕತೆ ಶುರುವಾಗುವುದು ಮಗಳಿಂದ. ಒಬ್ಬಳೇ ಮಗಳು. ಹುಟ್ಟಿ ಕೆಲವೇ ತಿಂಗಳಿಗೆ ಕೂಸಿನ ಕೆನ್ನೆ ಕೆಂಪೇರಿ ಒಸರತೊಡಗಿತು. ಆಮೇಲೆ ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ. ಗಂಡನ ಕಡೆಯಲ್ಲಿ ಅದು ತಲೆತಲಾಂತರದಿಂದ ಇತ್ತು. ಅವರ ಅಪ್ಪನಿಗೆ ಇತ್ತು, ಸೋದರತ್ತೆಗೆ ಇತ್ತು, ಗಂಡನಿಗೂ ಚಿಕ್ಕಂದಿನಲ್ಲಿ ಇತ್ತು. ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ ಆ ಮನುಷ್ಯನ ಮಾತು ಕಡಿಮೆ; ಆಡಿದರೆ ಹೀಗೆ: “ನಮ್ಮಪ್ಪ ನಮಗೆ ಅಂತ ಮನೆ ಬಿಟ್ಟು ಹೋಗ್ಲಿಲ್ಲ, ಜಾಗ ಬಿಟ್ಟು ಹೋಗ್ಲಿಲ್ಲ. ಜಗಳ ಇಲ್ದೆ ಎಲ್ರಿಗೂ ಪಾಲಾಗಿದ್ದು ಈ ತುರಿಕೆ ಒಂದೇ.”

ಮನೆಯಲ್ಲೊಂದು ಕಾಯಿಲೆ ಇದ್ದರೆ ಬೀದಿಯೆಲ್ಲ ವೈದ್ಯರೇ. ಮೊಟ್ಟೆ ಬಿಡಿಸಿ ಎಂದರು, ಹಾಲು ಬಿಡಿಸಿ ಎಂದರು. ಒಬ್ಬರು ಸ್ನಾನವೇ ಕೂಡದು ಎಂದರೆ ಇನ್ನೊಬ್ಬರು ದಿನಕ್ಕೆ ಮೂರು ಸಲ ಮಾಡಿಸಿ ಎಂದರು. ಎಲ್ಲರ ಮಾತನ್ನೂ ಕೇಳಿ ಮಗು ಕಡ್ಡಿಯಾಯಿತು. ತುರಿಕೆ ಮಾತ್ರ ಕೊಬ್ಬಿತು. ಆಗ ನೆರೆಯವರೊಬ್ಬರು ಹೆಸರಿಲ್ಲದ ಒಂದು ಮುಲಾಮು ತಂದುಕೊಟ್ಟರು. ವಾರದೊಳಗೆ ಮಗುವಿನ ಚರ್ಮ ತೊಳೆದಿಟ್ಟ ಪಿಂಗಾಣಿಯ ಹಾಗಾಯಿತು. ಮನೆಯವರೆಲ್ಲ ಮೊದಲ ಬಾರಿ ನಿದ್ದೆ ಮಾಡಿದರು. ತಿಂಗಳುಗಟ್ಟಲೆ ಹಚ್ಚಿದರು. ಅದು ಸಿಗದೇ ಹೋದ ದಿನಗಳಲ್ಲಿ ಎಲ್ಲವೂ ಬಡ್ಡಿ ಸಮೇತ ಮರಳಿತು. ಕಣ್ಣು ತೆರೆಯಲಾಗದಷ್ಟು ಮುಖ ಊದಿದ ಮಗುವನ್ನು ಎತ್ತಿಕೊಂಡು ಅವರು ಇದೇ ಆಸ್ಪತ್ರೆಯ ಮುಂಬಾಗಿಲಿಗೆ ಓಡಿ ಬಂದರು.

ಚರ್ಮದ ವಾರ್ಡಿನ ವೈದ್ಯೆ ಬೈಯಲಿಲ್ಲ. ಮಗು ಚೇತರಿಸಿಕೊಂಡ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದ ಮಾತನ್ನು ಚಾದರದಕ್ಕ ಇಂದಿಗೂ ಹಾಗೇ ಒಪ್ಪಿಸುತ್ತಾರೆ. “ಇದು ಬಂದು ಹೋಗೋ ನೆಂಟ ಅಲ್ಲಮ್ಮ, ಮನೇಲೇ ಇರೋ ನೆಂಟ. ಸಿಟ್ಟು ಬರದ ಹಾಗೆ ನೋಡ್ಕೋಬೇಕು, ಅಷ್ಟೇ.”

ಹಾಗೆ ನೋಡಿಕೊಳ್ಳುವುದೇ ಬದುಕಾಯಿತು. ಉಗುರುಬೆಚ್ಚಗಿನ ನೀರು, ಚುಟುಕು ಸ್ನಾನ, ಮೈಮೇಲಿನ ಹನಿ ಆರುವ ಮೊದಲೇ ಮುಲಾಮು. ಕೆರಳಿದಾಗ ವೈದ್ಯೆ ಬರೆದುಕೊಟ್ಟ ಔಷಧಿ, ಅವರು ಹೇಳಿದಷ್ಟು ದಿನ. ಉಣ್ಣೆಯ ಬಟ್ಟೆ ಮನೆಯಿಂದ ಹೊರಗೆ. ಉಗುರು ಕತ್ತರಿಸುವುದು ತಪ್ಪುವಂತಿಲ್ಲ. ತುರಿಕೆ ಬಂದರೆ ಕೆರೆಯದೆ ಅಂಗೈಯಿಂದ ಒತ್ತಿ ಹಿಡಿಯಬೇಕು. ಮಗುವಿಗೆ ಅದೆಲ್ಲ ಹೇಗೆ ತಿಳಿಯಬೇಕು? ಮಲಗಿದಾಗ ಅಮ್ಮನ ಒಂದು ಕೈ ಮಗಳ ಎರಡೂ ಮಣಿಕಟ್ಟುಗಳನ್ನು ಹಿಡಿದೇ ಇರುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಹಾಸಿಗೆಯ ಮೇಲೆ ಹೊಟ್ಟು, ಅಲ್ಲಲ್ಲಿ ರಕ್ತದ ಚುಕ್ಕೆ. ಮನೆಯಲ್ಲಿ ಮಗಳ ಹೆಸರಿಗಿಂತ ಹೆಚ್ಚಾಗಿ ಕೇಳಿಬರುತ್ತಿದ್ದ ಮಾತೆಂದರೆ ‘ತುರಿಸ್ಬೇಡ.’

“ಇನ್ನೂ ಶಾಲೆಗೆ ಸೇರಿದ್ಲು ಅಷ್ಟೇ. ಒಂದಿನ ಸುಮ್ನೆ ನನ್ ಮುಖ ನೋಡಿ, ಅಮ್ಮ, ನಂಗೆ ಬೇರೆ ಏನಾದ್ರೂ ಹೇಳು ಅಂದ್ಲು,” ಎನ್ನುತ್ತಾರೆ ಚಾದರದಕ್ಕ. “ಬೇರೆ ಏನೋ ಹೇಳೋಕೆ ಹೋದ್ರೂ ಬಾಯಿಗೆ ಅದೇ ಬರ್ತಿತ್ತು.”

ಶಾಲೆಯಲ್ಲಿ ಅವಳಿಗೆ ಕಜ್ಜಿ ಎಂದು ಹೆಸರಾಯಿತು. ಅಂಟುವಂಥದ್ದಲ್ಲ ಎಂದು ತಾಯಿ ಹೋಗಿ ಹೇಳಿ ಬಂದರೂ ಟೀಚರು ಅವಳನ್ನು ಕಿಟಕಿ ಪಕ್ಕದ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಿದರು, ಗಾಳಿ ಚೆನ್ನಾಗಿ ಬರುತ್ತದೆ ಎಂಬ ನೆಪ ಹೇಳಿ. ಸುಡುಬಿಸಿಲಲ್ಲೂ ಮಗಳು ತುಂಬುತೋಳಿನ ಅಂಗಿ ಬಿಡಲಿಲ್ಲ. ಬೆವರಿದಷ್ಟೂ ತುರಿಕೆ ಏರುತ್ತಿತ್ತು, ತುರಿಕೆ ಏರಿದಷ್ಟೂ ಅಂಗಿಯ ತೋಳು ಇನ್ನೂ ಕೆಳಗೆ ಇಳಿಯುತ್ತಿತ್ತು.

ಆಸ್ಪತ್ರೆಗೆ ಓಡಾಡುತ್ತಿದ್ದ ಕಾಲದಲ್ಲೇ ಚಾದರದಕ್ಕನಿಗೆ ಇಲ್ಲಿ ಒಗೆಯುವ ಕೆಲಸ ಸಿಕ್ಕಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರದು ಕೆಸರನ್ನು ತೊಳೆಯುವ ಕೈ. ವರ್ಷವೊಂದು ಕಳೆಯುವಷ್ಟರಲ್ಲಿ ಆ ಕೈಯೇ ಒಡೆಯಿತು. ಮಗಳಿಗೆ ಬಂದದ್ದು ಹುಟ್ಟಿನಿಂದ, ಇವರಿಗೆ ಬಂದದ್ದು ನೀರಿನಿಂದ. ನೀರು ಬಿಟ್ಟರೆ ಮಾತ್ರ ವಾಸಿ ಎಂದು ವೈದ್ಯೆ ಹೇಳಿದರು. ನೀರು ಬಿಟ್ಟರೆ ಅನ್ನವನ್ನೂ ಬಿಡಬೇಕಾಗಿತ್ತು. ಗವಸಿನೊಳಗೆ ಕೈ ಮುಚ್ಚಿಟ್ಟುಕೊಂಡು ವರ್ಷಗಳನ್ನೇ ನೂಕಿದರು. ಒಂದು ದಿನ ಒಗೆದು ಮಡಿಸಿದ ಬಿಳಿ ಹೊದಿಕೆಯ ಮೇಲೆ ರಕ್ತದ ಗುರುತು ಕಂಡು, ವಾರ್ಡಿನವರು ಅದನ್ನು ಮರಳಿ ಕಳಿಸಿದರು. ಯಾವ ರೋಗಿಯದೂ ಅಲ್ಲ, ಒಗೆದವಳದೇ ರಕ್ತ ಅದು.

ಒಗೆತದ ಮನೆಯ ಮೇಸ್ತ್ರಿ ಗಡುಸು ಬಾಯಿಯ ಮನುಷ್ಯ, ಒಳಗೆ ಮೆತ್ತಗೆ. ಕೆಲಸದಿಂದ ತೆಗೆಯುವ ಬದಲು ಅವರನ್ನು ಮೇಲಿನ ಕೋಣೆಗೆ ಕಳಿಸಿದರು. ಅಲ್ಲಿ ಹರಿದ ಹೊದಿಕೆಗಳನ್ನು ಹೊಲಿಯುವ ಹೆಂಗಸು ಆಗಷ್ಟೇ ನಿವೃತ್ತಿಯಾಗಿದ್ದರು. ಬಿಸಿಲು ಬೀಳುವ ಕಿಟಕಿ, ಒಂದು ಹೊಲಿಗೆ ಯಂತ್ರ, ಒಂದು ಒಣ ಕುರ್ಚಿ. ಕೆಲವೇ ತಿಂಗಳಲ್ಲಿ ಚಾದರದಕ್ಕನ ಕೈಮೇಲೆ ಹೊಸ ಚರ್ಮ ಬಂತು. “ಪಾತ್ರೆ ತೊಳೆಯೋಕೆ ಮನೇಲಿ ಅವ್ರೇ ನಿಂತ್ಕೊಂಡ್ರು, ಬಟ್ಟೆನೂ ಅವ್ರೇ ಒಗೆದ್ರು. ನಾನು ರಾಣಿ ಹಾಗಿದ್ದೆ,” ಎಂದು ಗಂಡನ ಬಗ್ಗೆ ಹೇಳುತ್ತಾರೆ.

ಅಲ್ಲಿ ಮೂಲೆಯಲ್ಲಿ ಹಳೆಯ ಹೊದಿಕೆಗಳ ರಾಶಿ ಬೀಳುತ್ತಿತ್ತು. ವರ್ಷಗಟ್ಟಲೆ ಕುದಿಸಿ ಒಗೆದು ಅಂಚು ಪಿಸಿದವು, ಆದರೆ ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗೆ. ಮೇಸ್ತ್ರಿಯನ್ನು ಕೇಳಿ ಅದರಲ್ಲೊಂದನ್ನು ತೆಗೆದುಕೊಂಡು ಮಗಳಿಗೆ ಮಲಗುವ ಅಂಗಿ ಹೊಲಿದರು. ಮೈಗೆ ಒತ್ತದಂತೆ ಹೊಲಿಗೆಯೆಲ್ಲ ಹೊರಗಡೆ, ನಿದ್ದೆಯಲ್ಲಿ ಕೆರೆಯದಂತೆ ತೋಳಿನ ತುದಿ ಚೀಲದ ಹಾಗೆ ಮುಚ್ಚಿದ್ದು. ಮಗಳು ಆಗ ಹನ್ನೆರಡು ದಾಟಿದ್ದಳು. ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಆಸ್ಪತ್ರೆ ವಾಸನೆ ಎಂದು ಮೂಲೆಗೆ ಎಸೆದಳು. ತಾಯಿ ಅದನ್ನು ಮರಳಿ ಹೊಲಿಗೆಯ ಕೋಣೆಗೆ ತಂದಿಟ್ಟಾಗ ಚರ್ಮದ ವಾರ್ಡಿನ ದಾದಿಯ ಕಣ್ಣಿಗೆ ಬಿತ್ತು. ಇನ್ನೊಂದು ಹೊಲಿದುಕೊಡಿ ಎಂದರು, ಆಮೇಲೆ ಮತ್ತೊಂದು. ಹೀಗೆ ಸ್ವಂತ ಮಗಳು ತೊಡದ ಅಂಗಿಯನ್ನು ಊರ ಮಕ್ಕಳೆಲ್ಲ ತೊಟ್ಟರು.

ಕಳೆದ ವರ್ಷ ಮಗಳ ಓದು ಮುಗಿಯಿತು. ಅದೇ ಹೊತ್ತಿಗೆ ಗಂಡನ ಬೆನ್ನು ಕೈಕೊಟ್ಟು ಗಾಡಿ ನಿಂತಿತು. ಮಗಳು ಕೆಲಸ ಹುಡುಕಿ ಹೊರಟಳು. ಬಟ್ಟೆ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ದಂತವೈದ್ಯರ ಕೋಣೆಯ ಮುಂದಿನ ಮೇಜಿನಲ್ಲಿ. ಎಲ್ಲ ಕಡೆಯೂ ಮೊದಲು ಕಾಗದ ನೋಡುತ್ತಿದ್ದರು, ಆಮೇಲೆ ಕುತ್ತಿಗೆ ನೋಡುತ್ತಿದ್ದರು. ವಾಸಿಯಾದ ಮೇಲೆ ಬಾ ಎಂದು ಅಂಗಡಿಯವರೊಬ್ಬರು ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದರಂತೆ. ಅವಳು ಮನೆಗೆ ಬಂದು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು.

ಕೊನೆಗೆ ಜಾಗ ಖಾಲಿಯಾದದ್ದು ಒಗೆತದ ಮನೆಯಲ್ಲಿ. ಮಗಳು ಬರುತ್ತಾಳಾ ಎಂದು ಮೇಸ್ತ್ರಿ ಉಪಕಾರವೆಂದೇ ಕೇಳಿದರು. ಬೇಡವೆಂದು ತಾಯಿ ಬಾಯಿ ತೆರೆಯುವ ಮೊದಲೇ ಮಗಳು ಬರುತ್ತೇನೆ ಎಂದುಬಿಟ್ಟಳು. ವಾರ ತುಂಬುವುದರೊಳಗೆ ಅವಳ ಕೈ ಮೊಣಕೈವರೆಗೆ ಹೊತ್ತಿ ಉರಿಯಿತು. ಬಾಚಣಿಗೆ ಹಿಡಿಯಲಾಗದೆ ತಾಯಿಯಿಂದ ತಲೆ ಬಾಚಿಸಿಕೊಂಡಳು. ಬೆರಳ ಸಂದಿಯಿಂದ ಒಸರುವ ನೀರು ತಟ್ಟೆಯ ಮೇಲೆ ಬೀಳುತ್ತದೆಂದು ಊಟಕ್ಕೆ ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಬಿಟ್ಟುಬಿಡು ಎಂದು ಅಪ್ಪ ಗೋಗರೆದರು. ಅವಳು ತಾಯಿಯ ಕಡೆ ನೋಡಿ, “ಬಿಟ್ಟು ಮನೇಲಿ ಕೂತು ಏನ್ ಮಾಡ್ಲಿ? ಇವಳು ತುರಿಸ್ಬೇಡ ಅನ್ನೋದು ಕೇಳ್ತಾ ಕೂರ್ಲಾ?” ಎಂದಳು.

ಮಾರನೆಯ ದಿನ ಚಾದರದಕ್ಕ ಮೇಸ್ತ್ರಿಯ ಮುಂದೆ ನಿಂತರು. ಮೇಲಿನ ಕುರ್ಚಿ ಮಗಳಿಗೆ ಕೊಡಿ, ಅವಳಿಗೆ ಹೊಲಿಗೆ ಬರುತ್ತದೆ, ನಾನು ಕೆಳಗೆ ಬರುತ್ತೇನೆ ಎಂದರು. ಮೇಸ್ತ್ರಿ ಅವರ ಕೈ ನೋಡಿದರು. “ನಿನ್ ಕೈ ಏನಾಗತ್ತೆ ಅಂತ ಗೊತ್ತಲ್ವೇನಮ್ಮ?” ಎಂದು ಕೇಳಿದರು.

“ಗೊತ್ತು. ಅದಕ್ಕೇ ಕೇಳ್ತಿರೋದು.”

ಮಗಳಿಗೆ ವಿಷಯ ತಿಳಿದದ್ದು ಒಗೆತದ ಮನೆಯ ಬಾಗಿಲಲ್ಲಿ. ಅವಳು ಬರುವಷ್ಟರಲ್ಲಿ ಅವಳ ರಬ್ಬರ್ ಏಪ್ರನ್ ತಾಯಿಯ ಮೈಮೇಲಿತ್ತು. ಅವಳು ಮೆಟ್ಟಿಲು ಹತ್ತಿ ಹೋದಳು. ಆಮೇಲೆ ಎಷ್ಟೋ ವಾರ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಸೀಟಿನಲ್ಲಿ ಕೂತರು. ಅಪ್ಪನೇ ಇಬ್ಬರ ನಡುವೆ ಅಂಚೆಯವನಾದರು: ಉಪ್ಪು ಬೇಕಂತೆ, ಮುಲಾಮು ಮುಗಿದಿದೆಯಂತೆ. ಒಂದು ಬೆಳಗ್ಗೆ ಚಾದರದಕ್ಕ ಊಟದ ಡಬ್ಬಿ ಇಡುವ ಹಲಗೆಯ ಮೇಲೆ ಹತ್ತಿಯ ಗವಸುಗಳ ಒಂದು ಕಟ್ಟು ಕಂಡಿತು. ಹಳೆಯ ಹೊದಿಕೆಯಿಂದ ಹೊಲಿದದ್ದು, ರಬ್ಬರ್ ಗವಸಿನ ಒಳಗೆ ಹಾಕಿಕೊಳ್ಳಲು. ಒಂದು ಒದ್ದೆಯಾದರೆ ಬದಲಿಸಲು ಇನ್ನೊಂದು.

“ಮಾತಿಲ್ಲ, ಕತೆಯಿಲ್ಲ. ಅಳತೆ ಯಾವಾಗ ತಗೊಂಡ್ಲೋ ಗೊತ್ತಿಲ್ಲ. ಸರಿಯಾಗಿ ಕೂರತ್ತೆ,” ಎನ್ನುತ್ತಾರೆ.

ಗವಸಿನಿಂದ ಉರಿ ಸ್ವಲ್ಪ ತಗ್ಗಿದೆ, ವಾಸಿಯೇನೂ ಆಗಿಲ್ಲ. ಹೀಗೇ ಮುಂದುವರಿದರೆ ಬೆರಳು ಪೂರ್ತಿ ಮಡಿಸುವುದು ಕಷ್ಟವಾದೀತು ಎಂದು ವೈದ್ಯೆ ಎಚ್ಚರಿಸಿದ್ದಾರೆ. ಇಸ್ತ್ರಿಯ ವಿಭಾಗದಲ್ಲಿ ಜಾಗ ಬಂದರೆ ನೋಡೋಣ ಎಂದು ಮೇಸ್ತ್ರಿ ಹೇಳಿದ್ದಾರೆ. ಬರುತ್ತದೆಂದು ಚಾದರದಕ್ಕ ನಂಬಿ ಕೂತಿಲ್ಲ.

ಮೇಲಿನ ಕೋಣೆಯಲ್ಲಿ ಮಗಳು ಯಂತ್ರದಿಂದ ತಲೆ ಎತ್ತುವುದಿಲ್ಲ. ಕೈಗಳು ಈಗ ಬಹಳ ಮಟ್ಟಿಗೆ ಶಾಂತವಾಗಿವೆ. ಕುತ್ತಿಗೆಯ ಕೆಂಪು ಹಾಗೇ ಇದೆ. ಪತ್ರಿಕೆಗೆ ಬರೆಯುತ್ತಿದ್ದೇವೆ ಎಂದಾಗ ದಾರ ಕಚ್ಚಿ ತುಂಡು ಮಾಡಿ, “ಈ ಕುರ್ಚಿ ನಾನು ಕೇಳಿರ್ಲಿಲ್ಲ. ಅದನ್ನ ಬರೀರಿ,” ಎನ್ನುತ್ತಾಳೆ. ಆಮೇಲೆ ಬಟ್ಟೆ ನೋಡುತ್ತಲೇ, “ಅಮ್ಮನ ಕೈ ನೋಡಿದ್ರಲ್ಲ? ನನ್ ಕೈಲಿ ನೋಡೋಕಾಗಲ್ಲ,” ಎಂದು ಸೇರಿಸುತ್ತಾಳೆ. ಯಂತ್ರ ಮತ್ತೆ ಓಡುತ್ತದೆ.

ಕೆಳಗೆ ಚರ್ಮದ ವಾರ್ಡಿನ ಮೂಟೆ ಬಂದಿದೆ. ಅದರಲ್ಲಿ ಮೇಲಿನ ಕೋಣೆಯಲ್ಲಿ ಹೊಲಿದ ಪುಟ್ಟ ಅಂಗಿಗಳಿವೆ. ಅವನ್ನು ಚಾದರದಕ್ಕ ಹೊದಿಕೆಗಳ ಜೊತೆ ಹಾಕುವುದಿಲ್ಲ. ಸೋಪಿನ ಅಂಶ ಉಳಿಯದಂತೆ ತೊಟ್ಟಿಯಲ್ಲಿ ಬೇರೆಯಾಗಿ ಮತ್ತೆ ಮತ್ತೆ ಜಾಲಿಸುತ್ತಾರೆ. ಹೀಗೆ ಮಾಡಲು ಯಾರೂ ಹೇಳಿಲ್ಲ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಮುಂದೆ ಏನು ಆಸೆ ಎಂದು ಕೇಳಿದರೆ, “ಅವಳು ಕೆಳಗೆ ಇಳಿದು ಬರದೆ ಇದ್ರೆ ಸಾಕು. ನನ್ ಕೈಗೆ ವಯಸ್ಸಾಯ್ತು, ಎಷ್ಟು ದಿನ ಬರತ್ತೋ ಬರ್ಲಿ,” ಎನ್ನುತ್ತಾರೆ.

ಆಮೇಲೆ ಒಂದು ಅಂಗಿಯನ್ನು ತೊಟ್ಟಿಯಿಂದ ಎತ್ತಿ ಹಿಂಡುತ್ತಾರೆ. ರಬ್ಬರಿನ ಮೇಲಿಂದ ತಿಳಿಯುವುದಿಲ್ಲವೆಂದು ಎರಡೂ ಗವಸು ಕಳಚಿ, ಒಡೆದ ಬೆರಳಿನಿಂದಲೇ ಹೊಲಿಗೆಯ ಉದ್ದಕ್ಕೂ ಸವರುತ್ತಾ ಹೋಗುತ್ತಾರೆ, ಕಂಕುಳಿಂದ ತೋಳಿನ ತುದಿಯವರೆಗೆ. ನೀರು ತಾಗಿ ಉರಿಯುತ್ತಿರಬೇಕು. ಮುಖದಲ್ಲಿ ಏನೂ ಕಾಣುವುದಿಲ್ಲ.

“ನಾನು ಹೊಲಿದಿದ್ದು ಒಂದೊಂದು ಕಡೆ ಬಿಟ್ಕೊಳ್ತಿತ್ತು,” ಎನ್ನುತ್ತಾರೆ. “ಇವಳದ್ದು ಎಷ್ಟು ಒಗೆದ್ರೂ ಒಂದೆಳೆ ಬಿಟ್ಟಿಲ್ಲ ನೋಡಿ.”