ನನ್ನ ಮಜ್ಜಿಗೆ, ನೆಗೆಣ್ಣಿಯ ಬ್ರೆಡ್ಡು

ಆಗ ನನಗೆ ಮೂವತ್ತು. ನಲವತ್ತು ವರ್ಷದ ಹಿಂದಿನ ಮಾತು. ವನದುರ್ಗದ ಕಡೆ ಕಾಲುವೆ ಕೆಲಸ ನಡೆದಿತ್ತು. ಕ್ಯಾಂಪಿನ ದವಾಖಾನೆಗೆ ಐರ್ಲೆಂಡ್ ಅನ್ನುವ ದೇಶದಿಂದ ಒಬ್ಬ ಬಿಳಿ ನರ್ಸಮ್ಮ ಬಂದಿದ್ದಳು. ಅವಳ ಮನೆಯಲ್ಲಿ ಮುಸುರೆ ತಿಕ್ಕಲು ಹೋಗುತ್ತಿದ್ದವಳು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ತಿಕ್ಕಿ ಬರುವುದು ಬಿಟ್ಟು ಅವರ ದೇಶದ ಬ್ರೆಡ್ಡು ಕಲಿತು ಬಂದಳು.

ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ. ಇಷ್ಟೆ. ಮುದ್ದೆ ಮಾಡಿ, ಮೇಲೆ ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೀರು ಎಳೆದು, ದಪ್ಪ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿದಳು. ಉಬ್ಬಿತು. ಮಜ್ಜಿಗೆ ನನ್ನದು, ನನ್ನ ತವರಿನವರು ಕೊಟ್ಟ ಎಮ್ಮೆಯದು. ಅದನ್ನು ಯಾರೂ ಹೇಳಲಿಲ್ಲ.

ಒಂದೇ ಮನೆ, ಎರಡು ಒಲೆ. ಅತ್ತೆಗೆ ಹಲ್ಲು ಬಿದ್ದಿದ್ದವು. ನಾನು ಮದುವೆಯಾಗಿ ಬಂದಂದಿನಿಂದ ನನ್ನ ಒಲೆಯ ಮುಂದೆ ಕೂತು, ನನ್ನ ಜೋಳದ ರೊಟ್ಟಿಯನ್ನೇ ಬೇಳೆಯಲ್ಲಿ ನೆನೆಸಿ ಉಂಡವಳು. ಅವತ್ತು ಬ್ರೆಡ್ಡು ಬಾಯಿಗಿಟ್ಟುಕೊಂಡು ಅಂದಳು: "ಹತ್ತಿ ಹಂಗ ಮೆತ್ತಗ ಆಗ್ಯಾದ ನೋಡು. ಇನ್ನ ಮ್ಯಾಲ ನನ್ನ ಊಟ ಸಣ್ಣ ಸೊಸಿ ಕೈಯಾಗ." ಮಣೆ ಎತ್ತಿಕೊಂಡು ನೆಗೆಣ್ಣಿಯ ಒಲೆಯ ಕಡೆ ಹೋಗಿ ಕೂತಳು. ನನ್ನ ಹೊಟ್ಟೆ ಒಲೆಗಿಂತ ಹೆಚ್ಚು ಉರಿಯಿತು.

ನಾನೂ ಮಾಡಿದೆ. ರೊಟ್ಟಿ ಹಿಟ್ಟು ಎಷ್ಟು ನಾದಿದರೆ ಅಷ್ಟು ಚಂದ, ನಮ್ಮ ಕೈಗೆ ಗೊತ್ತಿದ್ದದ್ದು ಅದು. ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದಿದೆ.

"ಯಕ್ಕ, ಅಷ್ಟು ನಾದಬ್ಯಾಡ. ಕಲಸಿ ಬಿಟ್ಟುಬಿಡಬೇಕು," ಅಂದಳು ನೆಗೆಣ್ಣಿ.

"ನಿನ್ನೆ ಮೊನ್ನೆ ಬಂದಾಕಿ, ನನಗ ಹಿಟ್ಟು ನಾದೂದು ಕಲಿಸ್ತಿಯೇನ? ಸರಿ ಅತ್ಲಾಗ."

ಕೆಂಡದಿಂದ ತೆಗೆದರೆ ಗುಂಡುಕಲ್ಲು. ಅತ್ತೆ ಒಸಡಿನಿಂದ ಕಚ್ಚಿದಳು, ತಿರುಗಿಸಿ ನೋಡಿದಳು. "ಇದನ್ನ ಕಾಲುವಿ ಸಾಹೇಬ್ರಿಗಿ ಕೊಡವ್ವ. ಒಡ್ಡಿಗಿ ಒಂದು ಕಲ್ಲು ಕಮ್ಮಿ ಬಿದ್ದಾದಂತ."

ನೆಗೆಣ್ಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಮ್ಮೆಗೆ ಹಾಕಿದೆ. ಕಟಕಟ ಅಗಿದು ತಿಂದಿತು.

"ನಾಳಿನೂ ಮಾಡ್ತೀನಿ ಅತ್ತಿ," ಅಂತ ನೆಗೆಣ್ಣಿ ಹೇಳುವುದು ಕೇಳಿಸಿತು. ಮಾಡಲಿ. ಅದಕ್ಕೆ ನನ್ನ ಮಜ್ಜಿಗೆಯೇ ಬೇಕಲ್ಲ. ನಮ್ಮಲ್ಲಿ ಮಜ್ಜಿಗೆ ಮಾರುವುದಿಲ್ಲ. ಯಾರು ಚರಿಗೆ ಹಿಡಿದು ಬಂದರೂ ಇಲ್ಲ ಅನ್ನುವಂತಿಲ್ಲ, ನೆಗೆಣ್ಣಿಗೂ.

ಮರುದಿನ ನಸುಕಿನಲ್ಲೆ ಎದ್ದು ಮೊಸರು ಕಡೆದೆ. ಬೆಣ್ಣೆ ತೆಗೆದಿಟ್ಟು, ಬಾಗಿಲಲ್ಲಿ ನಿಂತು ಓಣಿಯವರನ್ನೆಲ್ಲ ಕೂಗಿದೆ, "ಬರ್ರಿ, ಮಜ್ಜಿಗಿ ಒಯ್ಯರಿ!" ನೆಗೆಣ್ಣಿ ಬೋಗುಣಿ ಹಿಡಿದು ಬರುವಷ್ಟರಲ್ಲಿ ಗಡಿಗೆ ತೊಳೆದು ಬೋರಲು ಹಾಕಿದ್ದೆ.